ಇಂಗ್ಲೆಂಡಿನ ಶಾಲೆಗಳಲ್ಲಿ ಕೆಲಸಕ್ಕೆ ಸೇರುವವರಿಗೆ ಎನ್‌ಇಯು ಸದಸ್ಯತ್ವ: ಒಬ್ಬ ಸದಸ್ಯನ ವಿಮರ್ಶೆ

ಭಾರತದಲ್ಲಿ ತರಬೇತಿ ಪಡೆದ ಗಣಿತ, ವಿಜ್ಞಾನ ಮತ್ತು ಭಾಷಾ ಶಿಕ್ಷಕರು 11ರಿಂದ 16 ವರ್ಷದ ಮಕ್ಕಳಿಗೆ ಕಲಿಸುವ ಅರ್ಹತೆಗೆ ಇಂಗ್ಲೆಂಡಿನಲ್ಲಿ ನೇರವಾಗಿ ಅರ್ಜಿ ಹಾಕುವ ಅವಕಾಶ 2023ರ ಫೆಬ್ರುವರಿಯಲ್ಲಿ ತೆರೆದುಕೊಂಡಿತು. ಇಲ್ಲಿಗೆ ಬರುವ ಯೋಚನೆಯಲ್ಲಿರುವ ಕನ್ನಡಿಗ ಶಿಕ್ಷಕರು ನನ್ನಲ್ಲಿ ಸಂಬಳ, ಮನೆ ಬಾಡಿಗೆ, ವೀಸಾ ಕುರಿತು ವಿವರವಾಗಿ ವಿಚಾರಿಸುತ್ತಾರೆ; ಯಾವ ಯೂನಿಯನ್ ಸೇರಬೇಕು ಎಂದು ಕೇಳುವವರು ಅಪರೂಪ. ಅವರಲ್ಲಿ ಹಲವರು ನಮ್ಮಲ್ಲಿನ ಖಾಸಗಿ ಶಾಲೆಗಳಿಂದ ಬರುವವರಾದ್ದರಿಂದ ಸಂಘಟನೆಯ ಆಸರೆಯಲ್ಲಿ ಕೆಲಸ ಮಾಡಿದ ಅನುಭವ ಅವರಿಗೆ ಇರುವುದಿಲ್ಲ. ಅಂಥವರನ್ನು ಮನಸ್ಸಿನಲ್ಲಿಟ್ಟುಕೊಂಡು, ನಾನು ಸದಸ್ಯನಾಗಿರುವ ನ್ಯಾಷನಲ್ ಎಜುಕೇಷನ್ ಯೂನಿಯನ್, ಅಂದರೆ ಎಲ್ಲರೂ ಕರೆಯುವ ಎನ್‌ಇಯು ಕುರಿತು ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಈ ಯೂನಿಯನ್ ಈಗಿನ ರೂಪದಲ್ಲಿ ಹುಟ್ಟಿದ್ದು 2017ರ ಸೆಪ್ಟೆಂಬರ್ 1ರಂದು, ಎಟಿಎಲ್ ಮತ್ತು 1870ರಷ್ಟು ಹಿಂದೆಯೇ ಆರಂಭವಾಗಿದ್ದ ಎನ್‌ಯುಟಿ ಎಂಬ ಎರಡು ಶಿಕ್ಷಕ ಸಂಘಟನೆಗಳು ಒಂದಾದಾಗ. ಸದಸ್ಯರ ಸಂಖ್ಯೆ ನಾಲ್ಕು ಲಕ್ಷವನ್ನು ಮೀರಿದೆ. 2023ರ ಸೆಪ್ಟೆಂಬರಿನಿಂದ ಡೇನಿಯಲ್ ಕೆಬೇಡೆ ಪ್ರಧಾನ ಕಾರ್ಯದರ್ಶಿಯಾಗಿದ್ದಾರೆ. ಶಿಕ್ಷಕರಷ್ಟೇ ಅಲ್ಲದೆ ತರಗತಿ ಸಹಾಯಕರು, ಪ್ರಯೋಗಾಲಯದ ಸಿಬ್ಬಂದಿ, ಕಚೇರಿ ನೌಕರರು ಕೂಡ ಇದರ ಸದಸ್ಯರಾಗಬಹುದು; ತರಬೇತಿಯಲ್ಲಿರುವ ಶಿಕ್ಷಕರಿಗೆ ಶುಲ್ಕವಿಲ್ಲ.

ಯೂನಿಯನ್ನಿನ ನಿಜವಾದ ಬೆಲೆ ಲಂಡನ್ನಿನ ಕೇಂದ್ರ ಕಚೇರಿಯಲ್ಲಿ ಅಲ್ಲ, ನಿಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ತಿಳಿಯುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಪ್ರತಿ ಶಾಲೆಯ ಸದಸ್ಯರು ತಮ್ಮೊಳಗೆ ಒಬ್ಬರನ್ನು ಪ್ರತಿನಿಧಿಯಾಗಿ ಆರಿಸಿಕೊಳ್ಳುತ್ತಾರೆ. ಎಲ್ಲರೂ ಅವರನ್ನು ‘ರೆಪ್’ ಎನ್ನುತ್ತಾರೆ. ಒಳ್ಳೆಯ ರೆಪ್ ಇರುವ ಶಾಲೆಗೂ ಇಲ್ಲದ ಶಾಲೆಗೂ ಇರುವ ವ್ಯತ್ಯಾಸ ಕೆಲಸದ ಹೊರೆಯಲ್ಲೇ ಕಾಣುತ್ತದೆ. ಇಂಗ್ಲೆಂಡಿನ ಶಿಕ್ಷಕರ ವೇತನ ಮತ್ತು ಸೇವಾ ನಿಯಮಾವಳಿಯ ಪ್ರಕಾರ ಪೂರ್ಣಾವಧಿಯ ಶಿಕ್ಷಕರನ್ನು ಸಾಮಾನ್ಯವಾಗಿ ವರ್ಷಕ್ಕೆ 195 ದಿನ, ಒಟ್ಟು 1,265 ಗಂಟೆಗಳಿಗಿಂತ ಹೆಚ್ಚು ಕಾಲ ಮುಖ್ಯೋಪಾಧ್ಯಾಯರು ನಿಗದಿಪಡಿಸಿದ ಕೆಲಸಕ್ಕೆ ಹಚ್ಚುವಂತಿಲ್ಲ. ಬೋಧನೆಯ ಅವಧಿಯಲ್ಲಿ ಕನಿಷ್ಠ ಶೇ 10ರಷ್ಟನ್ನು ಪಾಠದ ತಯಾರಿಗೂ ಮೌಲ್ಯಮಾಪನಕ್ಕೂ ಬಿಟ್ಟುಕೊಡಬೇಕು. ಈ ಲೆಕ್ಕ ಕಾಗದದ ಮೇಲೆ ಸರಳವಾಗಿ ಕಾಣುತ್ತದೆ. ಆದರೆ ಪೋಷಕರ ಸಭೆಯ ಸಂಜೆ, ಪ್ರವೇಶಾಕಾಂಕ್ಷಿಗಳಿಗೆ ಶಾಲೆ ತೋರಿಸುವ ಸಂಜೆ, ವಾರದ ಸಿಬ್ಬಂದಿ ಸಭೆ, ಗೇಟಿನ ಬಳಿ ನಿಲ್ಲುವ ಕರ್ತವ್ಯ ಇವೆಲ್ಲವೂ ಆ ಗಂಟೆಗಳೊಳಗೇ ಸೇರಬೇಕು ಎಂಬುದನ್ನು ಯಾರಾದರೂ ಕೂತು ಕೂಡಿಸಿ ನೋಡದಿದ್ದರೆ ಮಿತಿ ಸದ್ದಿಲ್ಲದೆ ದಾಟಿಹೋಗುತ್ತದೆ. ನನ್ನ ಶಾಲೆಯ ರೆಪ್ ವರ್ಷದ ಆರಂಭದಲ್ಲಿ ಕ್ಯಾಲೆಂಡರನ್ನು ಮೇಜಿನ ಮೇಲೆ ಹರಡಿಕೊಂಡು, ಒಂದೊಂದು ಸಂಜೆಯ ಮುಂದೆಯೂ ಪೆನ್ಸಿಲಿನಿಂದ ಗಂಟೆಗಳನ್ನು ಬರೆದು, ಒಟ್ಟು ಮೊತ್ತವನ್ನು ಮುಖ್ಯೋಪಾಧ್ಯಾಯರ ಮುಂದಿಡುವುದನ್ನು ನಾನು ಕಂಡಿದ್ದೇನೆ. ಮಾತು ಬೆಳೆಯಲಿಲ್ಲ, ಧ್ವನಿ ಏರಲಿಲ್ಲ, ಹೆಚ್ಚಾಗಿದ್ದ ಸಭೆಗಳು ಕ್ಯಾಲೆಂಡರಿನಿಂದ ಹೊರಬಿದ್ದವು. ಇದಕ್ಕಿಂತ ಉಪಯುಕ್ತವಾದ ಸೇವೆಯನ್ನು ನಾನು ಊಹಿಸಲಾರೆ. ಸರ್ಕಾರದ ಹಣದಲ್ಲಿ ನಡೆದರೂ ಸ್ಥಳೀಯ ಆಡಳಿತದ ಹಿಡಿತದಲ್ಲಿರದ ಅಕಾಡೆಮಿ ಶಾಲೆಗಳಲ್ಲಿ ಹಲವು ತಮ್ಮದೇ ಷರತ್ತುಗಳನ್ನು ಇಟ್ಟುಕೊಂಡಿರುವುದರಿಂದ, ನೇಮಕಾತಿ ಪತ್ರಕ್ಕೆ ಸಹಿ ಹಾಕುವ ಮೊದಲು ಈ ಮಿತಿ ನಿಮಗೆ ಅನ್ವಯಿಸುತ್ತದೆಯೇ ಎಂದು ಕೇಳಿ ತಿಳಿಯುವುದು ಒಳ್ಳೆಯದು.

ಎರಡನೆಯ ಮುಖ್ಯ ಸೇವೆ, ತೊಂದರೆ ಬಂದಾಗ ಜೊತೆಗೆ ನಿಲ್ಲುವುದು. ಶಿಸ್ತುಕ್ರಮದ ವಿಚಾರಣೆಗೆ ಕರೆಸಿದಾಗ ಯೂನಿಯನ್ ಪ್ರತಿನಿಧಿಯನ್ನು ಅಥವಾ ಸಹೋದ್ಯೋಗಿಯನ್ನು ಜೊತೆಗೆ ಕರೆದೊಯ್ಯುವ ಹಕ್ಕು 1999ರ ಕಾಯ್ದೆಯಿಂದ ಬಂದದ್ದು. ಹಾಗೆ ಬಂದವರು ನಿಮ್ಮ ಪರವಾಗಿ ವಾದ ಮಂಡಿಸಬಹುದು, ನಡುವೆ ನಿಮ್ಮೊಂದಿಗೆ ಸಮಾಲೋಚಿಸಬಹುದು. ಆದರೆ ನಿಮಗೆ ಕೇಳಿದ ಪ್ರಶ್ನೆಗೆ ನೀವೇ ಉತ್ತರಿಸಬೇಕು. ಅವರಿಗೆ ಆ ದಿನ ಬರಲಾಗದಿದ್ದರೆ ವಿಚಾರಣೆಯನ್ನು ಐದು ಕೆಲಸದ ದಿನಗಳೊಳಗಿನ ಬೇರೆ ದಿನಕ್ಕೆ ಮುಂದೂಡುವಂತೆ ಕೇಳಲು ಅವಕಾಶವಿದೆ. ಹೊರದೇಶದಿಂದ ಬಂದು, ಕೆಲಸ ಹೋದರೆ ವೀಸಾವೂ ಹೋಗುವ ಸ್ಥಿತಿಯಲ್ಲಿರುವ ಶಿಕ್ಷಕರಿಗೆ ಆ ಕೊಠಡಿಯಲ್ಲಿ ಪಕ್ಕದಲ್ಲಿ ಒಬ್ಬರು ಕುಳಿತಿರುವುದು ಎಷ್ಟು ಧೈರ್ಯ ಕೊಡುತ್ತದೆ ಎಂಬುದನ್ನು ನಾನು ಒತ್ತಿ ಹೇಳಬಯಸುತ್ತೇನೆ. ಆದರೆ ಸದಸ್ಯರಾಗುವ ಮೊದಲೇ ಎದ್ದಿದ್ದ ತಕರಾರಿಗೆ ಯೂನಿಯನ್‌ಗಳು ಸಾಮಾನ್ಯವಾಗಿ ನೆರವಾಗುವುದಿಲ್ಲ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಲು ಹೊರಡುವ ಹಾಗಾಗಬಾರದು. ಕೆಲಸಕ್ಕೆ ಸೇರಿದ ವಾರದಲ್ಲೇ ಸದಸ್ಯತ್ವ ಪಡೆಯಬೇಕು.

ಮುಷ್ಕರದ ವಿಷಯಕ್ಕೆ ಬಂದರೆ, 2023ರ ಹೋರಾಟವೇ ಈ ಯೂನಿಯನ್ನಿನ ಶಕ್ತಿಗೂ ಮಿತಿಗೂ ಸಾಕ್ಷಿ. 2016ರ ಕಾಯ್ದೆಯ ಪ್ರಕಾರ ಆಗ ಅರ್ಹ ಸದಸ್ಯರಲ್ಲಿ ಕನಿಷ್ಠ ಅರ್ಧದಷ್ಟು ಜನ ಮತ ಹಾಕಿದ್ದರೆ ಮಾತ್ರ ಮುಷ್ಕರ ನ್ಯಾಯಬದ್ಧವಾಗುತ್ತಿತ್ತು. ಆ ವರ್ಷದ ಜನವರಿಯಲ್ಲಿ ಇಂಗ್ಲೆಂಡಿನ ಎನ್‌ಇಯು ಶಿಕ್ಷಕರಲ್ಲಿ ಶೇ 53ರಷ್ಟು ಜನ ಮತ ಹಾಕಿ, ಅವರಲ್ಲಿ ಶೇ 90ರಷ್ಟು ಜನ ಮುಷ್ಕರಕ್ಕೆ ಒಪ್ಪಿದರು. ಅದೇ ತಿಂಗಳು ಇನ್ನೊಂದು ದೊಡ್ಡ ಶಿಕ್ಷಕ ಸಂಘಟನೆಯಾದ ಎನ್‌ಎಎಸ್‌ಯುಡಬ್ಲ್ಯುಟಿ ಈ ಗಡಿ ದಾಟಲಾಗಲಿಲ್ಲ. ಫೆಬ್ರುವರಿ 1ರಿಂದ ಜುಲೈವರೆಗೆ ಬಿಡಿಬಿಡಿ ದಿನಗಳಲ್ಲಿ ಮುಷ್ಕರ ನಡೆಯಿತು, ನಡುವೆ ಸರ್ಕಾರ ಮುಂದಿಟ್ಟ ಶೇ 4.3ರ ಏರಿಕೆ ಮತ್ತು ಒಂದು ಸಲದ 1,000 ಪೌಂಡುಗಳನ್ನು ಸದಸ್ಯರು ಬಹುತೇಕ ಒಮ್ಮತದಿಂದ ತಿರಸ್ಕರಿಸಿದರು, ಕೊನೆಗೆ ಶೇ 6.5ರ ಏರಿಕೆ ದೊರೆಯಿತು. ಆ ವರ್ಷದ ಆರಂಭದಲ್ಲಿ ಬೆಲೆಯೇರಿಕೆ ಶೇ 10ರಷ್ಟಿತ್ತು ಎಂಬುದನ್ನು ನೆನೆದರೆ ಇದನ್ನು ಪೂರ್ಣ ಗೆಲುವು ಎನ್ನಲಾಗದು. ಮುಷ್ಕರವಿಲ್ಲದೆ ಇಷ್ಟೂ ಸಿಗುತ್ತಿರಲಿಲ್ಲ ಎಂದೇ ನಾನು ನಂಬಿದ್ದೇನೆ.

ವೀಸಾದ ಮೇಲೆ ಬಂದವರಲ್ಲಿ ಮುಷ್ಕರದ ಬಗ್ಗೆ ದೊಡ್ಡ ಭಯವಿದೆ. ವರ್ಷದಲ್ಲಿ ನಾಲ್ಕು ವಾರಗಳಿಗಿಂತ ಹೆಚ್ಚು ಸಂಬಳವಿಲ್ಲದ ಗೈರುಹಾಜರಿಯಾದರೆ ವೀಸಾಕ್ಕೆ ಆಧಾರವಾದ ಉದ್ಯೋಗದಾತರ ಪ್ರಾಯೋಜಕತ್ವ ರದ್ದಾಗಬಹುದು ಎಂಬ ನಿಯಮವೇ ಇದಕ್ಕೆ ಕಾರಣ. ಆದರೆ ಕಾನೂನುಬದ್ಧ ಮುಷ್ಕರದ ದಿನಗಳಿಗೆ ಆ ನಿಯಮದಲ್ಲೇ ವಿನಾಯಿತಿ ಇದೆ. ಮುಷ್ಕರಕ್ಕೆ ಹೋಗುತ್ತೇನೆ ಎಂದು ಮುಖ್ಯೋಪಾಧ್ಯಾಯರಿಗೆ ಮುಂಚಿತವಾಗಿ ತಿಳಿಸುವ ಕಾನೂನಿನ ಬಾಧ್ಯತೆಯೂ ಶಿಕ್ಷಕರಿಗಿಲ್ಲ. ಆ ದಿನದ ಸಂಬಳ ಮಾತ್ರ ಕಡಿತವಾಗುತ್ತದೆ.

ಶಿಕ್ಷಕೇತರ ಸಿಬ್ಬಂದಿಯ ವಿಷಯದಲ್ಲಿ ಮಾತ್ರ ನನಗೆ ಗಂಭೀರವಾದ ಆಕ್ಷೇಪವಿದೆ. ಸಂಗಾತಿಯ ವೀಸಾದ ಮೇಲೆ ಬಂದು ತರಗತಿ ಸಹಾಯಕರಾಗಿ ದುಡಿಯುವ ಕನ್ನಡತಿಯರು ನನಗೆ ಗೊತ್ತು. ಅವರಿಗೆ ಎನ್‌ಇಯು ಬಾಗಿಲು ತೆರೆದಿದೆ, ಆದರೆ ಅವರ ಸಂಬಳವನ್ನು ರಾಷ್ಟ್ರಮಟ್ಟದಲ್ಲಿ ನಿರ್ಧರಿಸುವ ಸ್ಥಳೀಯ ಸಂಸ್ಥೆಗಳ ಮಾತುಕತೆಯ ಮೇಜಿನಲ್ಲಿ ಇದಕ್ಕೆ ಆಸನವಿಲ್ಲ. ಅಲ್ಲಿ ಕೂರುವುದು ಯುನಿಸನ್, ಜಿಎಂಬಿ ಮತ್ತು ಯುನೈಟ್ ಎಂಬ ಬೇರೆ ಯೂನಿಯನ್‌ಗಳು. 2023ರ ಮತದಾನದಲ್ಲೂ ಇಂಗ್ಲೆಂಡಿನ ಶಿಕ್ಷಕೇತರ ಸದಸ್ಯರು ಬಹುಮತದಿಂದ ಮುಷ್ಕರಕ್ಕೆ ಒಪ್ಪಿದ್ದರೂ ಮತ ಹಾಕಿದವರು ಶೇ 46ರಷ್ಟೇ ಆದ್ದರಿಂದ ಅವರು ಹೊರಗುಳಿಯಬೇಕಾಯಿತು. ಆದ್ದರಿಂದ ಸಂಬಳದ ಮಾತುಕತೆಯೇ ಮುಖ್ಯ ಎನ್ನುವ ಸಹಾಯಕಿಯರಿಗೆ ಯುನಿಸನ್ ಅಥವಾ ಜಿಎಂಬಿಯನ್ನೇ ಸೂಚಿಸುತ್ತೇನೆ. ಶಾಲೆಯಲ್ಲಿ ಚುರುಕಾದ ಎನ್‌ಇಯು ರೆಪ್ ಇದ್ದು ಬೇರೆ ಯೂನಿಯನ್ನಿನವರು ಯಾರೂ ಕಾಣದಿದ್ದರೆ ಎನ್‌ಇಯು ಸೇರುವುದೇ ಲೇಸು.

ಶಿಕ್ಷಕರಾಗಿ ಬರುವವರಿಗೆ ನಾನು ಇದನ್ನು ಹಿಂಜರಿಕೆಯಿಲ್ಲದೆ ಶಿಫಾರಸು ಮಾಡುತ್ತೇನೆ. ಸೇರಿದ ಮೇಲೆ ಮನೆ ಅಥವಾ ಶಾಲೆ ಬದಲಾದಾಗಲೆಲ್ಲ ಹೊಸ ವಿಳಾಸವನ್ನು ತಪ್ಪದೆ ತಿಳಿಸಬೇಕು. 2023ರ ಮುಷ್ಕರದ ಮತಪತ್ರ ಅಂಚೆಯಲ್ಲಿ ಮನೆಗೇ ಬಂದಿತ್ತು, ಮತ್ತು ಬಾಡಿಗೆ ಮನೆಗಳನ್ನು ಪದೇ ಪದೇ ಬದಲಿಸುವ ನಮ್ಮಂಥವರ ಮತಪತ್ರ ಹಳೆಯ ವಿಳಾಸದಲ್ಲೇ ಉಳಿದುಬಿಟ್ಟರೆ, ಆ ಒಂದು ಮತ ಹಾಕದ ಮತವಾಗಿಯೇ ದಾಖಲಾಗುತ್ತದೆ.