ಫೀಲಿಂಗ್ಸ್ ವೀಲ್ ಚಾರ್ಟ್: ಒಳಗಿನ ಸುತ್ತಿಗೇ ಕೊಟ್ಟ ದುಡ್ಡು ಸಾರ್ಥಕ

ದಾವಣಗೆರೆಯಲ್ಲಿ ನಮ್ಮ ಮನೆ ಮಹಡಿ ಮೇಲೆ ಸಂಜೆ ಹೊತ್ತು ಇಂಗ್ಲಿಷ್ ಕ್ಲಾಸ್ ನಡೆಸುತ್ತೇನೆ. ಬರುವವರೆಲ್ಲ ಕನ್ನಡ ಮೀಡಿಯಂನಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಸೀರೆ ಅಂಗಡಿ, ಟೈಲರಿಂಗ್, ನರ್ಸಿಂಗ್ ಹೋಮ್ ಅಂತ ಕೆಲಸಕ್ಕೆ ಸೇರಿದ ಹೆಣ್ಣುಮಕ್ಕಳು. ಮನಸ್ಸಿನಲ್ಲಿ ಏನಿದೆ, ಬರೀರಿ ಅಂದರೆ 'ಐ ಆಮ್ ಹ್ಯಾಪಿ', 'ಐ ಆಮ್ ಸ್ಯಾಡ್', ಅಷ್ಟೇ. ಪೆನ್ನು ಅಲ್ಲಿಗೇ ನಿಲ್ಲುತ್ತಿತ್ತು. ಅದಕ್ಕೇ ಭಾವನೆಗಳ ಇಂಗ್ಲಿಷ್ ಹೆಸರುಗಳನ್ನು ಚಕ್ರದ ಆಕಾರದಲ್ಲಿ ಬರೆದಿರುವ ಈ ಚಾರ್ಟ್ ಆನ್‌ಲೈನ್‌ನಲ್ಲಿ ತರಿಸಿದೆ. ಎ3 ಅಳತೆ, ಲ್ಯಾಮಿನೇಟ್ ಮಾಡಿದ್ದು.

1982ರಲ್ಲಿ ಅಮೆರಿಕದ ಮನೋಚಿಕಿತ್ಸಕಿ ಗ್ಲೋರಿಯಾ ವಿಲ್‌ಕಾಕ್ಸ್ ಪ್ರಕಟಿಸಿದ ಚಕ್ರದ ಮಾದರಿ ಇದು. ನಡುವೆ ಆರೇ ಆರು ಪದ: ಸ್ಯಾಡ್, ಮ್ಯಾಡ್, ಸ್ಕೇರ್ಡ್, ಜಾಯ್‌ಫುಲ್, ಪವರ್‌ಫುಲ್, ಪೀಸ್‌ಫುಲ್. ಒಂದೊಂದಕ್ಕೂ ಒಂದು ಬಣ್ಣ. ಅದರಾಚೆ ಇನ್ನೂ ಎರಡು ಸುತ್ತು. ವಿಲ್‌ಕಾಕ್ಸ್ ಇದನ್ನು ಮಾಡಿದ್ದು ಜನ ತಮ್ಮ ಭಾವನೆಗಳನ್ನು ತಾವೇ ಗುರುತಿಸಿಕೊಳ್ಳಲಿ ಅಂತ, ಇಂಗ್ಲಿಷ್ ಕಲಿಸೋಕಲ್ಲ. ಕ್ಲಾಸಿನಲ್ಲಿ ಬಳಸುವಾಗ ಅದು ಗೊತ್ತಾಗುತ್ತದೆ.

ಮೊದಲು ಒಳ್ಳೆಯದು ಹೇಳಿಬಿಡುತ್ತೇನೆ. ಬಾಯಿ ಬಿಡಲು ನಾಚುವವರೂ ಎದ್ದು ಹೋಗಿ ಒಂದು ಬಣ್ಣದ ಮೇಲೆ ಬೆರಳಿಡುತ್ತಾರೆ. ಮಾತು ಶುರುವಾಗೋಕೆ ಅಷ್ಟು ಸಾಕು. ಉತ್ತರ ತಪ್ಪಾಗುತ್ತೆ ಅನ್ನೋ ಭಯ ಅಲ್ಲಿರುವುದಿಲ್ಲ.

ಆದರೆ ಚಾರ್ಟ್‌ನಲ್ಲಿ ಬರೀ ಪದಗಳಿವೆ, ವಾಕ್ಯ ಒಂದೂ ಇಲ್ಲ. ನಮ್ಮವರಿಗೆ ಕಷ್ಟ ಇರುವುದೇ ವಾಕ್ಯದಲ್ಲಿ. ನಾವು 'ನನಗೆ ಭಯ ಆಯ್ತು' ಅನ್ನುತ್ತೇವೆ, ಅದೇ ಜಾಡಿನಲ್ಲಿ 'ಟು ಮಿ ಫಿಯರ್ ಕೇಮ್' ಅಂತ ಬರೆಯುತ್ತಾರೆ. ಹಾಗಾಗಿ ಚಾರ್ಟ್ ಕೆಳಗೆ ಬೋರ್ಡ್ ಮೇಲೆ ನಾನೇ ಎರಡು ಸಾಲು ಬರೆದಿಡುತ್ತೇನೆ. ಒಂದು, 'ಐ ವಾಸ್ ... ಬಿಕಾಸ್ ...'. ಇನ್ನೊಂದು, ಆಗ ಮೈಯಲ್ಲಿ ಏನಾಯ್ತು ಅಂತ ಹೇಳುವ ಸಾಲು, 'ಮೈ ... ವಾಸ್ ...'. ಸೀರೆ ಅಂಗಡಿಯ ಒಬ್ಬ ಹುಡುಗಿ ಬರೆದದ್ದು ನೋಡಿ: 'ಐ ವಾಸ್ ಸ್ಕೇರ್ಡ್ ಬಿಕಾಸ್ ದ ಓನರ್ ಕೌಂಟೆಡ್ ದ ಸಾರೀಸ್ ಅಗೇನ್. ಮೈ ಹ್ಯಾಂಡ್ಸ್ ವರ್ ಕೋಲ್ಡ್.' ಹ್ಯಾಂಡ್ಸ್ ಅಂದಾಗ 'ವಾಸ್' ಹೋಗಿ 'ವರ್' ಬರಬೇಕು ಅಂತ ಪಕ್ಕದವಳೇ ಹೇಳಿಕೊಟ್ಟಳು. ಚಾರ್ಟ್‌ನಿಂದ ತಗೊಂಡಿದ್ದು ಒಂದೇ ಪದ. ಉಳಿದದ್ದೆಲ್ಲ ಅವಳ ಅಂಗಡಿ, ಅವಳ ಕೈ. ನನಗೆ ಬೇಕಿದ್ದದ್ದೂ ಇದೇ.

ಹೊರಗಿನ ಸುತ್ತು ಮಾತ್ರ ಶುರುವಿನವರಿಗೆ ಬೇಡವೇ ಬೇಡ. 'ಇನ್‌ಅಡಿಕ್ವೇಟ್', 'ಬಿವಿಲ್ಡರ್ಡ್' ಅಂತೆಲ್ಲ ಪದಗಳು. ಅರ್ಥ ಹುಡುಕುವಷ್ಟರಲ್ಲಿ ಹೇಳಬೇಕೆಂದಿದ್ದ ವಿಷಯವೇ ಮರೆತುಹೋಗುತ್ತದೆ. ನಾನು ಆ ಸುತ್ತಿನ ಮೇಲೆ ಡ್ರಾಯಿಂಗ್ ಶೀಟ್ ಕತ್ತರಿಸಿ ಅಂಟಿಸಿದ್ದೇನೆ. 'ಮ್ಯಾಡ್' ಮೇಲೂ 'ಆಂಗ್ರಿ' ಅಂತ ಚೀಟಿ ಹಚ್ಚಬೇಕಾಯಿತು. ಅಮೆರಿಕದಲ್ಲಿ ಅದು ಸಿಟ್ಟು, ನಮ್ಮ ಕಡೆ ಕೇಳಿದವರಿಗೆ ಹುಚ್ಚು. ತನ್ನನ್ನು ತಾನೇ ಹಾಗೆ ಬರೆದುಕೊಳ್ಳಲು ಯಾರಿಗೆ ಮನಸ್ಸು ಬರುತ್ತೆ?

ಪ್ರಿಂಟ್ ಬಗ್ಗೆಯೂ ದೂರಿದೆ. ಚಕ್ರದ ಕೆಳಭಾಗದ ಪದಗಳೆಲ್ಲ ತಲೆಕೆಳಗಾಗಿವೆ. ಇಂಗ್ಲಿಷ್ ಅಕ್ಷರ ಕೂಡಿಸಿ ಓದುವವರು ಕತ್ತು ತಿರುಗಿಸಿ ಓದಬೇಕು, ಪಾಪ. ಟ್ಯೂಬ್‌ಲೈಟ್ ಬೆಳಕು ಲ್ಯಾಮಿನೇಶನ್ ಮೇಲೆ ಬಿದ್ದರೆ ಹಿಂದಿನ ಸಾಲಿನವರಿಗೆ ಬರೀ ಹೊಳಪು. ಬಣ್ಣ ಮಾತ್ರ ಗಟ್ಟಿಯಾಗಿದೆ, ಒದ್ದೆ ಬಟ್ಟೆಯಲ್ಲಿ ಒರೆಸಿದರೂ ಹೋಗಿಲ್ಲ.

ಐದಕ್ಕೆ ಮೂರೂವರೆ ಸ್ಟಾರ್ ಕೊಡುತ್ತೇನೆ. ಕನ್ನಡ ಮೀಡಿಯಂ ಮಕ್ಕಳಿಗೆ, ದೊಡ್ಡವರಿಗೆ ಹೊಸದಾಗಿ ಇಂಗ್ಲಿಷ್ ಬರೆಯಲು ಕಲಿಸುವವರು ಧಾರಾಳವಾಗಿ ತಗೊಳ್ಳಿ. ಹತ್ತು ಜನಕ್ಕಿಂತ ಜಾಸ್ತಿ ಇದ್ದರೆ ಎ2 ಅಳತೆ ನೋಡಿ, ಮ್ಯಾಟ್ ಫಿನಿಶ್ ಸಿಕ್ಕರೆ ಅದನ್ನೇ ಆರಿಸಿ. ಮಾರುವವರು ನಡುವಿನ ಆರು ಪದಗಳನ್ನಷ್ಟೇ ದೊಡ್ಡದಾಗಿ, ನೆಟ್ಟಗೆ ಪ್ರಿಂಟ್ ಮಾಡಿ, ಕೆಳಗೆ 'ಬಿಕಾಸ್' ಸಾಲಿಗೆ ಜಾಗ ಬಿಟ್ಟರೆ ನಾನು ಇನ್ನೊಂದು ಖಂಡಿತ ತರಿಸುತ್ತೇನೆ.