ಮಗುವಿನ ಜೀವನಾಂಶ: 144ನೇ ಕಲಮೋ, 1956ರ ಕಾಯ್ದೆಯೋ?

ಮಗು ಚಿಕ್ಕದಿದ್ದು ದುಡ್ಡು ಬೇಗ ಬೇಕಿದ್ದರೆ, ನನ್ನ ಮತ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿಗೆ (ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದೇ 125ನೇ ಕಲಮು, ಹಾಗಾಗಿ ಹಳಬರ ಬಾಯಲ್ಲಿ ಇನ್ನೂ '125'). ಧರ್ಮ ಯಾವುದಾದರೂ ಸರಿ, ಮದುವೆಯಿಲ್ಲದೆ ಹುಟ್ಟಿದ ಮಗುವಿಗೂ ಹಕ್ಕುಂಟು. ನೋಟಿಸ್ ತಲುಪಿದ 60 ದಿನದೊಳಗೆ, ಸಾಧ್ಯವಾದಷ್ಟು, ಮಧ್ಯಂತರ ಅರ್ಜಿ (ಕೇಸು ಮುಗಿಯುವವರೆಗಿನ ಜೀವನಾಂಶಕ್ಕೆ ಹಾಕುವುದು) ಇತ್ಯರ್ಥವಾಗಬೇಕು ಎನ್ನುತ್ತದೆ ಕಾನೂನು. ಕೋರ್ಟಿನ ಗಡಿಯಾರ ಬೇರೆಯೇ, ಅದಿರಲಿ. ಕಾರಣವಿಲ್ಲದೆ ಕೊಡದಿದ್ದರೆ ಜೈಲೂ ಆಗಬಹುದು. ಆದರೆ ಬಾಕಿ ವಸೂಲಿಗೆ ವರ್ಷದೊಳಗೆ ಅರ್ಜಿ ಹಾಕಲೇಬೇಕು.

ತೊಡಕಿರುವುದು 18 ತುಂಬಿದ ಮೇಲೆ. ದುಡಿಯಲಾಗದಂಥ ಅಂಗವೈಕಲ್ಯ ಇಲ್ಲದಿದ್ದರೆ 144 ಅಲ್ಲಿಗೇ ನಿಲ್ಲುತ್ತದೆ. ಕಾಲೇಜಿಗೆ ಹೋಗುವ ಮಗಳಿದ್ದಾಳೆಯೇ? ಹಾಗಾದರೆ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ 20ನೇ ಕಲಮು: ಸ್ವಂತ ಆದಾಯ, ಆಸ್ತಿ ಸಾಲದ ಅವಿವಾಹಿತ ಮಗಳಿಗೆ ವಯಸ್ಸಿನ ಗಡಿಯಿಲ್ಲ. ಇದು ಹಿಂದೂ, ಜೈನ, ಬೌದ್ಧ, ಸಿಖ್ಖರಿಗೆ ಮಾತ್ರ. ಸಿವಿಲ್ ದಾವೆಯಾದ್ದರಿಂದ ತಾಳ್ಮೆಯೂ ಬೇಕು.

ಯಾವುದನ್ನೇ ಹಿಡಿದರೂ, ಸುಪ್ರೀಂ ಕೋರ್ಟಿನ 2020ರ ತೀರ್ಪಿನಂತೆ ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ.