ವಾಷರ್ ಮತ್ತು ಡ್ರೈಯರ್: ಒಂದೇ ಯಂತ್ರ ಸಾಕೇ, ಎರಡು ಬೇಕೇ?

ಒಗೆಯುವುದನ್ನೂ ಒಣಗಿಸುವುದನ್ನೂ ಒಂದೇ ಡ್ರಮ್ಮಿನಲ್ಲಿ ಮಾಡುವ, ವಾಷರ್-ಡ್ರೈಯರ್ ಎಂದು ಮಾರುವ ಜೋಡಿ ಯಂತ್ರಗಳ ಮೇಲೆ 8/5 ಅಥವಾ 9/6 ಎಂಬಂಥ ಎರಡು ಅಂಕಿಗಳಿರುತ್ತವೆ. ಮೊದಲನೆಯದು ಎಷ್ಟು ಕೆಜಿ ಒಗೆಯುತ್ತದೆ, ಎರಡನೆಯದು ಎಷ್ಟು ಕೆಜಿ ಒಣಗಿಸುತ್ತದೆ. ಎರಡನೆಯ ಅಂಕಿಯ ಕಡೆ ಗಮನ ಕೊಡದೆ ಕೊಂಡವರಿಗೇ ಆಮೇಲೆ ಬೇಸರ. ಬಟ್ಟೆ ಒಗೆಯುವಾಗ ನೀರಿನಲ್ಲಿ ಮುದ್ದೆಯಾಗಿದ್ದರೂ ನಡೆಯುತ್ತದೆ, ಒಣಗುವಾಗ ಬಿಡಿಬಿಡಿಯಾಗಿ ಹಾರಾಡಬೇಕು. ಅದಕ್ಕೇ 8 ಕೆಜಿಯ ಪ್ರತ್ಯೇಕ ಡ್ರೈಯರ್‌ನ ಡ್ರಮ್ 110 ಲೀಟರ್ ಆಸುಪಾಸು ಇರುತ್ತದೆ, 8 ಕೆಜಿಯ ವಾಷರ್‌ನದು ಸುಮಾರು 60 ಲೀಟರ್ ಅಷ್ಟೇ. ಜೋಡಿ ಯಂತ್ರದಲ್ಲಿ ಇರುವುದು ಈ ಚಿಕ್ಕ ಡ್ರಮ್ಮೇ. ತುಂಬ 8 ಕೆಜಿ ಹಾಕಿ ‘ವಾಷ್ ಅಂಡ್ ಡ್ರೈ’ ಒತ್ತಿದರೆ ಮೂರ್ನಾಲ್ಕು ಗಂಟೆಯ ನಂತರ ಕೈಗೆ ಸಿಗುವುದು ಹೊರಗೆ ಬಿಸಿ, ಒಳಗೆ ತೇವ, ಇಸ್ತ್ರಿಗೂ ಬಗ್ಗದ ಸುಕ್ಕು. ಮಧ್ಯದಲ್ಲಿ ಮುಟ್ಟದೆ ಒಗೆದು ಒಣಗಿಸಬೇಕೆಂದರೆ ಹಾಕಬೇಕಾದ್ದು 5 ಕೆಜಿ ಮಾತ್ರ.

ಇನ್ನೊಂದು ಸಂಗತಿಯನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಈ ಬಗೆಯ ಬಹಳಷ್ಟು ಯಂತ್ರಗಳು ಒಳಗಿನ ಆವಿಯನ್ನು ತಣಿಸಿ ನೀರಾಗಿಸಲು ನಲ್ಲಿಯ ತಣ್ಣೀರನ್ನೇ ಬಳಸುತ್ತವೆ. ಅಂದರೆ ಬಟ್ಟೆ ಒಣಗಿಸಲಿಕ್ಕೂ ಹತ್ತಾರು ಲೀಟರ್ ನೀರು ಮೋರಿಗೆ ಹೋಗುತ್ತದೆ. ಬೇಸಿಗೆಯಲ್ಲಿ ಟ್ಯಾಂಕರ್ ತರಿಸುವ ಬೆಂಗಳೂರಿನ ಬಡಾವಣೆಗಳಲ್ಲಿ ಇದು ಸಣ್ಣ ಮಾತಲ್ಲ. ಜೊತೆಗೆ ಹಲವು ಮಾದರಿಗಳಲ್ಲಿ ಬಟ್ಟೆಯಿಂದ ಉದುರುವ ನೂಲಿನ ಧೂಳನ್ನು, ಅಂದರೆ ಲಿಂಟನ್ನು, ಹಿಡಿಯುವ ಜಾಲರಿ ಇರುವುದಿಲ್ಲ. ಅದು ಒದ್ದೆಯಾಗಿಯೇ ಗಾಳಿಯ ಕೊಳವೆಯಲ್ಲಿ ಅಂಟಿ ಕೂರುತ್ತದೆ. ವರ್ಷ ಎರಡು ವರ್ಷಕ್ಕೆ ಒಣಗುವ ಹೊತ್ತು ಹೆಚ್ಚುತ್ತಾ ಹೋದರೆ ಕಾರಣ ಹೆಚ್ಚಾಗಿ ಅದೇ. ಮೆಕ್ಯಾನಿಕ್ ಬಂದು ಬಿಚ್ಚಿ ತೆಗೆಯಬೇಕು. ಒಬ್ಬರೋ ಇಬ್ಬರೋ ಇರುವ, ಒಂದೇ ಯಂತ್ರಕ್ಕೆ ಜಾಗವಿರುವ ಫ್ಲ್ಯಾಟಿಗೆ ಜೋಡಿ ಯಂತ್ರ ಒಪ್ಪಬಹುದು. ನಾಲ್ಕು ಜನರ ಮನೆಗೆ ನಮ್ಮ ಶಿಫಾರಸು ಎರಡು ಬೇರೆ ಯಂತ್ರ. ಒಂದು ಗಂಟು ಒಣಗುತ್ತಿರುವಾಗಲೇ ಇನ್ನೊಂದು ಗಂಟು ಒಗೆಯಬಹುದು, ಒಂದು ಕೆಟ್ಟರೂ ಇನ್ನೊಂದು ನಡೆಯುತ್ತದೆ.

ಪ್ರತ್ಯೇಕ ಡ್ರೈಯರ್‌ಗಳಲ್ಲಿ ಮೂರು ಬಗೆ. ವೆಂಟೆಡ್ ಡ್ರೈಯರ್ ಹೀಟರ್‌ನಿಂದ ಗಾಳಿ ಕಾಯಿಸಿ ಬಟ್ಟೆಯ ಮೂಲಕ ಹಾಯಿಸಿ, ಆ ತೇವದ ಗಾಳಿಯನ್ನು ಸುಮಾರು 4 ಇಂಚಿನ ಪೈಪಿನಿಂದ ಹೊರಕ್ಕೆ ಬಿಡುತ್ತದೆ. ನಮ್ಮಲ್ಲಿ ಐಎಫ್‌ಬಿಯ 5.5 ಕೆಜಿ ಮಾದರಿ ಈ ಬಗೆಯದು. ಒಳಗಿನ ಭಾಗಗಳು ಕಡಿಮೆ, ರಿಪೇರಿ ಸುಲಭ, ಬೆಲೆಯೂ ಕಡಿಮೆ. ಕಂಡೆನ್ಸರ್ ಡ್ರೈಯರ್‌ನಲ್ಲೂ ಹೀಟರ್ ಇದೆ, ಆದರೆ ಆವಿ ಅಲ್ಲೇ ನೀರಾಗಿ ಒಂದು ಡಬ್ಬಿಯಲ್ಲಿ ನಿಲ್ಲುತ್ತದೆ ಅಥವಾ ಪೈಪಿನಲ್ಲಿ ಮೋರಿಗೆ ಹೋಗುತ್ತದೆ. ಮೂರನೆಯದು ಹೀಟ್ ಪಂಪ್: ಫ್ರಿಜ್‌ನಲ್ಲಿರುವಂಥದೇ ಕಂಪ್ರೆಸರ್, ಅದೇ ಗಾಳಿಯನ್ನು ಒಂದು ಕಡೆ ಕಾಯಿಸಿ ಇನ್ನೊಂದು ಕಡೆ ತಣಿಸಿ ಮತ್ತೆ ಮತ್ತೆ ಬಳಸುತ್ತದೆ. ಬೆಲೆ ವೆಂಟೆಡ್‌ನ ಎರಡು-ಮೂರು ಪಟ್ಟು.

ವಿದ್ಯುತ್ತಿನ ಲೆಕ್ಕ ನೋಡಿ. ಒಂದು ಲೀಟರ್ ನೀರು ಆವಿಯಾಗಲು ಕನಿಷ್ಠ 0.63 ಯೂನಿಟ್ ಶಾಖ ಬೇಕು, ಇದು ಪ್ರಕೃತಿಯ ನಿಯಮ, ಯಾವ ಕಂಪನಿಯೂ ತಪ್ಪಿಸಲಾರದು. ಹೀಟರ್ ಇರುವ ಡ್ರೈಯರ್ ಅದನ್ನಷ್ಟೂ ಮೀಟರಿನಿಂದಲೇ ತೆಗೆಯುತ್ತದೆ, ಮೇಲೆ ಒಂದಷ್ಟು ಪೋಲು. ಚೆನ್ನಾಗಿ ಹಿಂಡಿದ 5 ಕೆಜಿ ಬಟ್ಟೆಗೆ ಎರಡೂವರೆಯಿಂದ ಮೂರು ಯೂನಿಟ್ ಆಗುತ್ತದೆ. ಹೀಟ್ ಪಂಪ್ ಆವಿಯಲ್ಲಿರುವ ಶಾಖವನ್ನೇ ಮರಳಿ ಹಿಡಿಯುವುದರಿಂದ ಅದೇ ಬಟ್ಟೆಗೆ ಒಂದು ಕಾಲು ಯೂನಿಟ್ ಸಾಕು. ವ್ಯತ್ಯಾಸ ಸುಮಾರು ಒಂದೂವರೆ ಯೂನಿಟ್, ತೆರಿಗೆಯೂ ಸೇರಿ ಹತ್ತು ರೂಪಾಯಿ ಎಂದಿಟ್ಟುಕೊಳ್ಳಿ. ಮಳೆಗಾಲದ ನಾಲ್ಕು ತಿಂಗಳು ಮಾತ್ರ ದಿನಕ್ಕೊಂದು ಸಲ ಬಳಸುವ ಮನೆಗೆ ವರ್ಷಕ್ಕೆ ಉಳಿಯುವುದು ಸಾವಿರದ ಇನ್ನೂರು. ಈ ಉಳಿತಾಯದಿಂದ ಹೀಟ್ ಪಂಪಿನ ಹೆಚ್ಚುವರಿ ಬೆಲೆ ಯಂತ್ರದ ಆಯಸ್ಸಿನೊಳಗೆ ವಾಪಸ್ ಬರುವುದು ಕಷ್ಟ.

ಆದರೆ ಕರ್ನಾಟಕದಲ್ಲಿ ಲೆಕ್ಕ ಇಲ್ಲಿಗೇ ಮುಗಿಯದು, ಗೃಹಜ್ಯೋತಿ ಇದೆ. ಸಾಮಾನ್ಯವಾಗಿ 2022-23ರ ಸರಾಸರಿ ಬಳಕೆಗೆ ಶೇ. 10 ಸೇರಿಸಿ ಉಚಿತ ಮಿತಿ ನಿಗದಿಯಾಗಿರುತ್ತದೆ; ಮಿತಿ ದಾಟಿದರೂ 200 ಯೂನಿಟ್ ಒಳಗಿದ್ದರೆ ಹೆಚ್ಚಿನ ಯೂನಿಟ್‌ಗಷ್ಟೇ ದುಡ್ಡು, 200 ದಾಟಿದರೆ ಪೂರ್ತಿ ಬಿಲ್. ತಿಂಗಳಿಗೆ 130 ಯೂನಿಟ್ ಬಳಸುವ ಮನೆಗೆ ವೆಂಟೆಡ್ ಡ್ರೈಯರ್ ದಿನಾ ಓಡಿದರೆ 80-85 ಯೂನಿಟ್ ಸೇರಿ 210 ದಾಟುತ್ತದೆ, ಸಾವಿರ ರೂಪಾಯಿ ಮೀರಿದ ಬಿಲ್ ಬರುತ್ತದೆ. ಹೀಟ್ ಪಂಪ್ ಆದರೆ 36-40 ಯೂನಿಟ್ ಸೇರಿ 170ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಹಾಗಾಗಿ ಡ್ರೈಯರ್ ಆರಿಸುವ ಮೊದಲು ಕಳೆದ ಜುಲೈ, ಆಗಸ್ಟ್ ತಿಂಗಳ ಬಿಲ್ ತೆಗೆದು ನೋಡುವುದು ಒಳ್ಳೆಯದು. ಅದೇ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಎಂದೂ ಇರುತ್ತದೆ. 2 ಕಿಲೋವ್ಯಾಟ್ ಮಂಜೂರಾತಿಯ ಮನೆಯಲ್ಲಿ 2 ಕಿಲೋವ್ಯಾಟ್ ಮೀರುವ ಹೀಟರ್ ಡ್ರೈಯರ್ ಮತ್ತು ಗೀಸರ್ ಒಟ್ಟಿಗೆ ಓಡಿಸುವಂತಿಲ್ಲ.

ಮಲೆನಾಡು, ಕರಾವಳಿಯ ಬಿಡಿಮನೆಗಳಿಗೆ ನಾವು ವೆಂಟೆಡ್ ಡ್ರೈಯರನ್ನೇ ಹೇಳುತ್ತೇವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಗ್ಗದ ಮೇಲಿನ ಬಟ್ಟೆ ಮೂರು ದಿನವಾದರೂ ಒಣಗದೆ ಮುಗ್ಗಲು ವಾಸನೆ ಹಿಡಿಯುವ ಊರುಗಳಲ್ಲಿ ಡ್ರೈಯರ್ ಐಷಾರಾಮವೇನಲ್ಲ. ಸಣ್ಣ ಮಕ್ಕಳಿರುವ ಮನೆಗಂತೂ ಫ್ರಿಜ್ಜಿನಷ್ಟೇ ಅಗತ್ಯ. ಅಲ್ಲಿ ಗೋಡೆಗೆ ತೂತು ಕೊರೆಯಲು ಅಡ್ಡಿಯಿಲ್ಲ, ಕರೆಂಟ್ ಏರಿಳಿತವೂ ಹೆಚ್ಚು, ದೊಡ್ಡ ಸರ್ವಿಸ್ ಕೇಂದ್ರ ದೂರ. ಸರಳ ಯಂತ್ರವೇ ವಾಸಿ. ಪೈಪು ಎರಡು ಮೀಟರ್ ಒಳಗಿರಲಿ, ಬಾಗು ಒಂದೋ ಎರಡೋ ಇರಲಿ. ಉದ್ದವಾದಷ್ಟೂ ಗಾಳಿ ಹರಿಯದೆ ಒಣಗುವ ಹೊತ್ತು ಏರುತ್ತದೆ. ಪೈಪು ಹಾಕದೆ ಕೋಣೆಯೊಳಗೇ ಗಾಳಿ ಬಿಟ್ಟರೆ ಎರಡು-ಮೂರು ಲೀಟರ್ ನೀರು ಆವಿಯಾಗಿ ಗೋಡೆಯ ಮೇಲೆ ಕೂರುತ್ತದೆ, ಬೂಷ್ಟು ಖಾತ್ರಿ. ಅಪಾರ್ಟ್‌ಮೆಂಟಿನ ಮುಚ್ಚಿದ ಯುಟಿಲಿಟಿಗೆ, ವರ್ಷವಿಡೀ ಬಳಸುವವರಿಗೆ ಹೀಟ್ ಪಂಪ್ ಸರಿ. ಅದರ ಗಾಳಿ ಅಷ್ಟು ಬಿಸಿಯಾಗದ ಕಾರಣ ಹತ್ತಿ ಬಟ್ಟೆ ಕುಗ್ಗುವುದೂ ಕಡಿಮೆ, ಹೊತ್ತು ಮಾತ್ರ ಹೆಚ್ಚು ಬೇಕು. ಹೀಟರ್ ಇರುವ ಕಂಡೆನ್ಸರ್ ಡ್ರೈಯರ್, ವೆಂಟೆಡ್ ಮತ್ತು ಹೀಟ್ ಪಂಪ್ ಎರಡರ ನಡುವೆ ಸಿಕ್ಕಿಕೊಂಡ ಬಗೆ. ಹೀಟ್ ಪಂಪಿಗೆ ದುಡ್ಡು ಸಾಲದೆ, ಪೈಪಿಗೂ ದಾರಿಯಿಲ್ಲದಿದ್ದರೆ ಮಾತ್ರ ಅದು.

ಡ್ರೈಯರಿನ ಅರ್ಧ ಕೆಲಸ ವಾಷರಿನಲ್ಲೇ ಆಗಬೇಕು. 7 ಕೆಜಿ ಬಟ್ಟೆಯನ್ನು 1400 ಆರ್‌ಪಿಎಮ್‌ನಲ್ಲಿ (ನಿಮಿಷಕ್ಕೆ ಅಷ್ಟು ಸುತ್ತು) ಹಿಂಡಿದರೆ ಉಳಿಯುವ ನೀರು ಸುಮಾರು ಮೂರೂವರೆ ಲೀಟರ್. 700ರ ಆಸುಪಾಸಿನಲ್ಲಿ ಹಿಂಡುವ ಟಾಪ್ ಲೋಡ್ ಯಂತ್ರದಲ್ಲಿ ಅದೇ ಬಟ್ಟೆಯಲ್ಲಿ ಐದು ಲೀಟರ್ ಉಳಿಯುತ್ತದೆ. ಆ ಒಂದೂವರೆ ಲೀಟರನ್ನು ಶಾಖದಿಂದ ತೆಗೆಯಲು ಒಂದು ಯೂನಿಟ್‌ಗೆ ಹತ್ತಿರ ಖರ್ಚು, ತಿರುಗಿಸಿ ತೆಗೆಯಲು ಏನೇನೂ ಇಲ್ಲ. ಡ್ರೈಯರ್ ಕೊಳ್ಳುವ ಯೋಚನೆ ಇದ್ದರೆ ಫ್ರಂಟ್ ಲೋಡ್, ಕನಿಷ್ಠ 1200, ಸಿಕ್ಕರೆ 1400 ಆರ್‌ಪಿಎಮ್ ಎಂಬುದರಲ್ಲಿ ನಮಗೆ ಸಂಶಯವೇ ಇಲ್ಲ. ನೀರು ಕೂಡ ಫ್ರಂಟ್ ಲೋಡ್‌ಗೆ ಒಂದು ಸಲಕ್ಕೆ 50-60 ಲೀಟರ್, ಟಾಪ್ ಲೋಡ್‌ಗೆ ನೂರರ ಮೇಲೆ. ದಿನವೂ ಕರೆಂಟ್ ಹೋಗಿಬರುವ, ನಡುವೆ ಬಟ್ಟೆ ಸೇರಿಸುವ ಅಭ್ಯಾಸವಿರುವ, ಬಗ್ಗಲಾಗದ ಹಿರಿಯರಿರುವ ಮನೆಗೆ ಟಾಪ್ ಲೋಡ್ ಅನುಕೂಲವೇ, ಆದರೆ ಅದಕ್ಕೆ ಬಿಸಿಲೇ ಜೋಡಿ.

ಈಗ ನೀರಿನ ವಿಷಯ. ಬೆಂಗಳೂರಿನ ಬೋರ್‌ವೆಲ್ ನೀರು, ಕೋಲಾರ, ಗದಗ ಕಡೆಯ ನೀರು ಗಡಸು. ಭಾರತೀಯ ಕುಡಿಯುವ ನೀರಿನ ಮಾನಕ ಐಎಸ್ 10500ರ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಮೀರಬಾರದು, ಬೇರೆ ನೀರಿಲ್ಲದ ಕಡೆ 600ರವರೆಗೆ ಒಪ್ಪಿದ್ದಾರೆ. ಇಂಥ ನೀರನ್ನು ಕಾಯಿಸಿದಾಗ ಕರಗಿದ್ದ ಬೈಕಾರ್ಬನೇಟ್ ಒಡೆದು ಸುಣ್ಣದ ಪದರವಾಗಿ ಹೀಟರಿಗೆ ಅಂಟುತ್ತದೆ. ಪದರ ದಪ್ಪವಾದಷ್ಟೂ ಹೀಟರಿನ ಶಾಖ ನೀರಿಗೆ ತಲುಪದೆ ಅದೇ ಸುಟ್ಟುಹೋಗುತ್ತದೆ. ಡ್ರಮ್ಮಿನ ಹಿಂದಿರುವ ಅಲ್ಯೂಮಿನಿಯಂ ಮೂರುಕಾಲಿನ ಆಧಾರದ ಮೇಲೆ ಸುಣ್ಣ, ಸೋಪಿನ ಗಷ್ಟು ಸೇರಿ ಕೊರೆಯತೊಡಗಿದರೆ ಡ್ರಮ್ ಅಲುಗಾಡಿ ಬೇರಿಂಗ್‌ಗೂ ಪೆಟ್ಟು. ಟಿಡಿಎಸ್ ಮೀಟರ್ ಅದ್ದಿ ಅಂಕಿ ತೋರಿಸಿ ಸಾಫ್ಟ್ನರ್ (ನೀರಿನ ಗಡಸುತನ ತೆಗೆಯುವ ಸಾಧನ) ಮಾರುವವರಿದ್ದಾರೆ. ಟಿಡಿಎಸ್ ಅಂದರೆ ಕರಗಿರುವ ಎಲ್ಲ ಲವಣ, ಗಡಸುತನ ಅದರಲ್ಲಿ ಒಂದು ಪಾಲು. ಹನಿ ಹಾಕಿ ಬಣ್ಣ ಬದಲಾಗುವುದನ್ನು ಎಣಿಸುವ ಹಾರ್ಡ್‌ನೆಸ್ ಕಿಟ್‌ನಲ್ಲಿ ಪರೀಕ್ಷಿಸಿ. ಯಂತ್ರದ ಜೊತೆ ಕೊಡುವ ಫಾಸ್ಫೇಟ್ ಹರಳಿನ ಪುಟ್ಟ ಫಿಲ್ಟರ್ ಗಡಸುತನ ಕಡಿಮೆ ಮಾಡುವುದಿಲ್ಲ, ಸುಣ್ಣ ಅಂಟುವುದನ್ನು ತಡೆಯುತ್ತದೆ ಅಷ್ಟೇ. ನೀರು ಬಿಸಿಯಾದಷ್ಟೂ ಆ ಗುಣವೂ ಕುಂದುತ್ತದೆ. ಗಡಸುತನ 300 ದಾಟಿದ್ದರೆ ಎರಡು ತಿಂಗಳಿಗೊಮ್ಮೆ 100 ಗ್ರಾಂ ಸಿಟ್ರಿಕ್ ಆಸಿಡ್ (ನಿಂಬೆ ಉಪ್ಪು) ಖಾಲಿ ಡ್ರಮ್ಮಿಗೆ ಹಾಕಿ 60 ಡಿಗ್ರಿಯಲ್ಲಿ ಓಡಿಸಿ, ಅಥವಾ ಕಂಪನಿಯ ಡೀಸ್ಕೇಲ್ ಪುಡಿ ಬಳಸಿ. ಬ್ಲೀಚ್ ಜೊತೆಗೆ ಮಾತ್ರ ಎಂದೂ ಬೆರೆಸಬಾರದು, ಕ್ಲೋರಿನ್ ಅನಿಲ ಬರುತ್ತದೆ. ಮಲೆನಾಡಿನ ಮೆದು ನೀರಿನಲ್ಲಿ ತೊಂದರೆ ತಿರುವುಮುರುವು: ಪೊಟ್ಟಣದಲ್ಲಿ ಹೇಳಿದಷ್ಟು ಪುಡಿ ಹಾಕಿದರೆ ನೊರೆ ಉಕ್ಕಿ ಯಂತ್ರ ಮತ್ತೆ ಮತ್ತೆ ಜಾಲಿಸುತ್ತದೆ. ಅರ್ಧ ಸಾಕು.

ನೀರಿನ ಒತ್ತಡವನ್ನೂ ನೋಡಬೇಕು, ಅದರ ಅಳತೆ ಬಾರ್. ಟ್ಯಾಂಕಿನ ನೀರು 10 ಮೀಟರ್ ಮೇಲಿದ್ದರೆ 1 ಬಾರ್. ಮೇಲಿನ ಮಹಡಿಯಲ್ಲಿ ಟ್ಯಾಂಕ್ ನಲ್ಲಿಗಿಂತ ಎರಡೂವರೆ ಮೀಟರ್ ಮೇಲಿದ್ದರೆ ಸಿಗುವುದು ಕಾಲು ಬಾರ್ ಮಾತ್ರ. ಕೆಲವು ಯಂತ್ರಗಳಿಗೆ ಕನಿಷ್ಠ 0.3 ಬಾರ್, ಇನ್ನು ಕೆಲವಕ್ಕೆ 1 ಬಾರ್ ಬೇಕು. ಬ್ರೋಷರಿನಲ್ಲಿ ಸಿಗದಿದ್ದರೆ ಮ್ಯಾನ್ಯುಯಲ್ ಕೇಳಿ ಪಡೆಯಿರಿ. ಎಲ್‌ಜಿಯಲ್ಲಿ ಐಇ, ಸ್ಯಾಮ್‌ಸಂಗ್‌ನಲ್ಲಿ 4ಸಿ ಎಂದು ಬಂದು ಯಂತ್ರ ನಿಂತರೆ ನೀರು ಸಾಲುತ್ತಿಲ್ಲ ಎಂದರ್ಥ. ಮೊದಲು ಇನ್‌ಲೆಟ್ ಪೈಪಿನ ತುದಿಯ ಜಾಲರಿಯಲ್ಲಿ ಬೋರ್‌ವೆಲ್ ಮರಳು ಕಟ್ಟಿದೆಯೇ ನೋಡಿ, ಇಲ್ಲದಿದ್ದರೆ ಪ್ರೆಶರ್ ಪಂಪ್.

ಕೊಳ್ಳುವಾಗ ಕೇಳಲೇಬೇಕಾದ ಪ್ರಶ್ನೆ: ಹೊರಗಿನ ಟಬ್ ಬೋಲ್ಟ್ ಹಾಕಿದ್ದೋ, ಬೆಸುಗೆ ಹಾಕಿ ಮುಚ್ಚಿದ್ದೋ? ಮುಚ್ಚಿದ್ದಾದರೆ ಬೇರಿಂಗ್ ಒಂದನ್ನೇ ಬದಲಾಯಿಸಲು ಬಿಡದೆ ಇಡೀ ಟಬ್ ಹಾಕಿಸುತ್ತಾರೆ. ‘ಮೋಟರಿಗೆ 10 ವರ್ಷ ವಾರಂಟಿ’ ಎಂಬ ಸ್ಟಿಕ್ಕರ್ ಬೇರಿಂಗ್‌ಗಾಗಲಿ, ಯಂತ್ರ ನಡೆಸುವ ಎಲೆಕ್ಟ್ರಾನಿಕ್ ಬೋರ್ಡಾದ ಪಿಸಿಬಿಗಾಗಲಿ, ಬಾಗಿಲ ರಬ್ಬರಿಗಾಗಲಿ ಅನ್ವಯಿಸುವುದಿಲ್ಲ.

ಅಳತೆಗೆ ಬಂದರೆ ನಾಲ್ಕು ಜನರಿಗೆ 8 ಕೆಜಿ ವಾಷರ್, 7-8 ಕೆಜಿ ಡ್ರೈಯರ್ ಸಾಕು. ಡ್ರೈಯರನ್ನು ವಾಷರಿನ ಮೇಲೆ ಕೂರಿಸುವುದಾದರೆ ಎರಡೂ ಒಂದೇ ಕಂಪನಿಯವು ಆಗಿರಲಿ. ಎರಡನ್ನೂ ಸೇರಿಸಿ ಬಿಗಿಯುವ ಸ್ಟ್ಯಾಕಿಂಗ್ ಕಿಟ್ ಇಲ್ಲದೆ ಕೂರಿಸಿದರೆ ಹಿಂಡುವಾಗಿನ ನಡುಕಕ್ಕೆ ಜಾರಿ ಬೀಳಬಹುದು. ಅಗಲ 60 ಸೆಂ.ಮೀ., ಎರಡರ ಎತ್ತರ ಸೇರಿ 170 ಸೆಂ.ಮೀ.; ಆಳಕ್ಕೆ ಹಿಂದಿನ ಪೈಪಿಗೆಂದು ಇನ್ನೂ 10 ಸೆಂ.ಮೀ. ಬಿಡಿ. ಎರಡಕ್ಕೂ ಬೇರೆ ಬೇರೆ 16 ಆಂಪಿಯರ್ ಪ್ಲಗ್, ಸರಿಯಾದ ಅರ್ತಿಂಗ್, 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿದುಹಾಕುವ ಸ್ವಿಚ್) ಬೇಕು. ಒಂದೇ ಎಕ್ಸ್‌ಟೆನ್ಷನ್ ಬಾಕ್ಸಿಗೆ ಎರಡನ್ನೂ ಚುಚ್ಚುವುದು ಬೆಂಕಿಗೆ ಆಹ್ವಾನ.

ಯಂತ್ರ ಬಂದ ದಿನ ಸಾಗಿಸುವಾಗ ಡ್ರಮ್ ಅಲುಗದಂತೆ ಬಿಗಿದಿರುವ ಹಿಂಬದಿಯ ಟ್ರಾನ್ಸಿಟ್ ಬೋಲ್ಟ್‌ಗಳನ್ನು ತೆಗೆದರೇ ಎಂದು ಕಣ್ಣಾರೆ ನೋಡಿ ಅವನ್ನು ಎತ್ತಿಡಿ, ಮನೆ ಬದಲಿಸುವಾಗ ಬೇಕಾಗುತ್ತವೆ. ಬೋಲ್ಟ್ ಸಮೇತ ಓಡಿಸಿದರೆ ಮೊದಲ ಹಿಂಡುವಿಕೆಯಲ್ಲೇ ಯಂತ್ರ ಕುಣಿದು ಸಸ್ಪೆನ್ಷನ್ ಹಾಳಾಗುತ್ತದೆ. ಡ್ರೈನ್ ಪೈಪಿನ ತುದಿ ನೆಲದಿಂದ 60-100 ಸೆಂ.ಮೀ. ಎತ್ತರದಲ್ಲಿರಲಿ. ನೆಲದ ಮೋರಿಗೆ ಹಾಗೇ ಇಳಿಬಿಟ್ಟರೆ ತುಂಬಿದ ನೀರೆಲ್ಲ ತಾನೇ ಹರಿದುಹೋಗುತ್ತಿರುತ್ತದೆ. ಗಾಲಿಯ ಸ್ಟ್ಯಾಂಡ್ ಬೇಡ.

ರೇಷ್ಮೆ, ಉಣ್ಣೆ, ಜರಿ ಅಂಚಿನ ಪಂಚೆ, ಎಲಾಸ್ಟಿಕ್ ಹೆಚ್ಚಿರುವ ಉಡುಪು, ರಬ್ಬರ್ ಬೆನ್ನಿನ ಮ್ಯಾಟ್ ಡ್ರೈಯರಿಗೆ ಸಲ್ಲ. ಅಡುಗೆ ಎಣ್ಣೆ ಮೆತ್ತಿದ ಬಟ್ಟೆ ಸರಿಯಾಗಿ ಒಗೆಯದೆ ಹಾಕಿದರೆ ಬಿಸಿಯಲ್ಲಿ ತಾನೇ ಹೊತ್ತಿಕೊಳ್ಳಬಹುದು. ಲಿಂಟ್ ಜಾಲರಿಯನ್ನು ಪ್ರತಿ ಸಲವೂ ಕೈಯಿಂದ ಒರೆಸಿ. ತಿಂಗಳಿಗೊಮ್ಮೆ ನೀರಲ್ಲಿ ತೊಳೆದು ಪೂರ್ತಿ ಒಣಗಿದ ಮೇಲೆಯೇ ಹಾಕಿ. ಹೀಟ್ ಪಂಪಿನಲ್ಲಿ ‘ಆಟೋ ಕ್ಲೀನ್ ಕಂಡೆನ್ಸರ್’ ಎಂದಿದ್ದರೆ ಅದನ್ನು ನೀವು ತೆರೆಯಲಾಗದು. ಹರಿದ ಜಾಲರಿ ದಾಟಿ ಒಳಗೆ ಹೋದ ಧೂಳು ಕಂಡೆನ್ಸರಿನ ರೆಕ್ಕೆಗಳಲ್ಲಿ ಕೂತರೆ ಯಂತ್ರ ಬಿಚ್ಚಿಸಲೇಬೇಕು. ಜಾಲರಿಯಲ್ಲಿ ಸೂಜಿಮೊನೆಯಷ್ಟು ತೂತು ಕಂಡರೂ ಅಂದೇ ಹೊಸದು ತರಿಸಿ.